ಬಾಯ್ಬಡುಕಿಯ ಹೊಟ್ಟೆಕಿಚ್ಚು

"ನೀವು... ನೀವೇನಾ ಆ ಕೆಂಪುದೀಪ?!"

ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಹಿತಾ ಹೀಗೆ ಕೂಗಿದಾಗ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಕೂಡ ಟಿಕೆಟ್ ಕೊಡುವುದನ್ನು ನಿಲ್ಲಿಸಿದ.

ಆಗಿದ್ದು ಇಷ್ಟೇ. ಬಸ್ತಿಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಹಿತಾಳಿಗೆ ಬೆಳಗಿನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಜಗಳವಾಡುವ ಚಟ. 'ನಮ್ಮೂರ ಕಟ್ಟೆ' ಎಂಬ ಆನ್‌ಲೈನ್ ಗುಂಪಿನಲ್ಲಿ ಅವಳ ಹೆಸರು 'ಬಾಯ್ಬಡುಕಿ'. ಮೊಬೈಲ್ ಟವರ್, ಲಸಿಕೆ, ಕೃತಕ ಬುದ್ಧಿಮತ್ತೆ... ಯಾವ ವಿಷಯ ಬಂದರೂ ಅವಳ ಮಾತಿಗೆ ಅಡ್ಡ ನಿಲ್ಲುತ್ತಿದ್ದವನು 'ಕೆಂಪುದೀಪ' ಎಂಬ ಹೆಸರಿನವನು. ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ. ಅವನ ಉತ್ತರ ಓದಿದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿ!

ಅವತ್ತು ಅವನು ಬರೆದಿದ್ದ: "ಸುಳ್ಳು ಸುದ್ದಿ ಹಬ್ಬಿಸುವ ಪುಟಗಳನ್ನು ಸರ್ಕಾರ ಮುಚ್ಚಿಸಲೇಬೇಕು. ಕೆಂಪು ದೀಪ ಇಲ್ಲದೆ ರೈಲು ಓಡಿಸೋಕಾಗುತ್ತಾ?"

"ಬಾಯಿ ಮುಚ್ಚಿಸೋದು ಉತ್ತರ ಗೊತ್ತಿಲ್ಲದವರ ಕೆಲಸ ಸ್ವಾಮೀ!" ಎಂದು ಹಿತಾ ಬರೆದು ಕಳಿಸಿದಳು. ಕಳಿಸಿದ್ದೇ ತಡ, ಪಕ್ಕದಲ್ಲಿ ಕೂತವನ ಫೋನ್ ಸದ್ದು ಮಾಡಿತು. ಅವನು ನೋಡಿ ಮುಸಿಮುಸಿ ನಕ್ಕ. ಇವಳು ಓರೆಗಣ್ಣಿನಲ್ಲಿ ನೋಡಿದರೆ, ಅವಳದೇ ಮಾತು ಅವನ ಅಂಗೈಯಲ್ಲಿದೆ!

"ಹಾಗಾದ್ರೆ ಬಾಯ್ಬಡುಕಿ ನೀವು," ಅಂದ ಅವನು. "ಇಷ್ಟು ಜಗಳಗಂಟಿ ಇಷ್ಟು ಚೆನ್ನಾಗಿರ್ತಾರೆ ಅಂತ ಗೊತ್ತಿದ್ರೆ ಸ್ವಲ್ಪ ಮೆತ್ತಗೆ ಬರೀತಿದ್ದೆ."

"ಮೆತ್ತಗೆ ಬರೆದಿದ್ರೆ ನಾನು ಓದ್ತಾನೇ ಇರ್ಲಿಲ್ಲ!"

ಅವನು ಚೈತನ್ಯ. ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಇಂಜಿನಿಯರ್. ಬೇಲೂರಿನಲ್ಲಿರುವ ಅಕ್ಕನ ಮನೆಗೆ ಬಂದು ವಾಪಸ್ ಹೊರಟಿದ್ದ. ಅವತ್ತು ವಾದ ಎಷ್ಟು ಜೋರಾಯಿತೆಂದರೆ, ಹಿತಾ ಇಳಿಯಬೇಕಾದ ಸ್ಟಾಪು ಹಿಂದಕ್ಕೆ ಹೋಗಿಬಿಟ್ಟಿತ್ತು.

ಮುಂದಿನದನ್ನು ನಿಮಗೆ ಬಿಡಿಸಿ ಹೇಳಬೇಕೇ? ಅವನಿಗೆ ಅಕ್ಕನ ಮನೆಯ ಮೇಲಿನ ಪ್ರೀತಿ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಯಗಚಿ ದಂಡೆಯಲ್ಲಿ ನಡೆದಾಡಿದರು, ಹಳೇಬೀಡಿನ ಕೆರೆ ಏರಿಯ ಮೇಲೆ ಕೂತು ಜಗಳವಾಡಿದರು. ಒಂದು ಸಂಜೆ ಜಗಳದ ನಡುವೆಯೇ ಅವನು "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿಬಿಟ್ಟ. ದೇವಸ್ಥಾನದ ಸೇವೆಯಲ್ಲಿದ್ದ ಅವಳ ಅಪ್ಪ ಅನಂತಸ್ವಾಮಿಯವರು ಹುಡುಗನನ್ನು ನೋಡಿ, ಮನೆತನ ವಿಚಾರಿಸಿ ತಲೆಯಾಡಿಸಿದರು. ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ.

ಆದರೆ ಒಪ್ಪಿಗೆ ಆದ ಮೇಲೆ ಚೈತನ್ಯ ಬದಲಾದ.

ಬೇರೆ ಹುಡುಗಿಯರ ಗೋಳು ಬೇರೆ. ಹಿತಾಳ ಗೋಳು ಏನೆಂದರೆ, ಅವನು ಅವಳು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳತೊಡಗಿದ!

"ಪರೀಕ್ಷೆ ಪೇಪರ್ ಕಂಪ್ಯೂಟರ್ರೇ ತಿದ್ದಿದ್ರೆ ಮಕ್ಕಳಿಗೆ ಅನ್ಯಾಯ ಅಲ್ವಾ?" ಎಂದು ಅವಳು ಕೆಣಕಿದರೆ, "ನೀನು ಹೇಳಿದ್ದೇ ಸರಿ."

"ಅನ್ಯಾಯ ಏನಿಲ್ಲ ಬಿಡು, ತಿದ್ದಲಿ," ಎಂದು ಅವಳೇ ಮಾತು ತಿರುಗಿಸಿದರೆ,

"ಹೌದು, ಅದೂ ಸರಿ."

"ಭೂಮಿ ಚಪ್ಪಟೆ ಇದೆ ಅಂದ್ರೂ ಒಪ್ತೀಯೇನೋ?"

"ನೀನಂದ್ರೆ ಯೋಚನೆ ಮಾಡ್ಬೇಕಾಗುತ್ತೆ ಕಣೇ," ಎಂದು ನಗುತ್ತಿದ್ದ.

ಅವಳಿಗೆ ನಗು ಬರಲಿಲ್ಲ. ಯಾಕೆಂದರೆ ಅದೇ ದಿನಗಳಲ್ಲಿ ಕಟ್ಟೆಗೆ ಒಬ್ಬಳು ಹೊಸಬಳು ಬಂದಿದ್ದಳು. ಹೆಸರು ಡಾಕ್ಟರ್ ಶ್ಯಾಮಲಾ, ಮಾದಿಹಳ್ಳಿ ಕಡೆಯ ಪಶುವೈದ್ಯೆ. ದನಗಳ ಕಾಯಿಲೆ ಬಗ್ಗೆ ವಿಡಿಯೋ ಹಾಕುವ ಸ್ವಂತ ಪುಟವೂ ಆಕೆಗಿತ್ತು. ಹಸುವಿನ ಕೊರಳಿಗೆ ಸೆನ್ಸರ್ ಕಟ್ಟಿದರೆ ಜ್ವರ ಮೊದಲೇ ಗೊತ್ತಾಗುತ್ತದೆ ಎಂದು ಚೈತನ್ಯ ಬರೆದರೆ, ಆಕೆ ಸೆರಗು ಕಟ್ಟಿ ಜಗಳಕ್ಕೆ ನಿಂತಳು. ಇವನೂ ಬಿಡಲಿಲ್ಲ. ಮಾತಿಗೆ ಮಾತು, ಲೆಕ್ಕಕ್ಕೆ ಲೆಕ್ಕ, ನಡುನಡುವೆ ನಗು! ಹಿಂದೆ ಬಾಯ್ಬಡುಕಿಯ ಜೊತೆ ಹೇಗಿದ್ದನೋ ಥೇಟ್ ಹಾಗೇ...

'ನನ್ನ ಹತ್ರ ತಲೆಯಾಡಿಸೋ ಬೊಂಬೆ. ಅವಳ ಹತ್ರ ಹುಲಿ!'

ಹಿತಾ ಶಾಲೆಯ ಬಿಡುವಿನಲ್ಲಿ ಅದನ್ನೇ ಓದುತ್ತಿದ್ದಳು, ಊಟದ ತಟ್ಟೆಯ ಮುಂದೆ ಓದುತ್ತಿದ್ದಳು. ಶ್ಯಾಮಲಾಳ ಫೋಟೋ ದೊಡ್ಡದು ಮಾಡಿ ನೋಡಿದಳು. ಗುಂಗುರು ಕೂದಲು, ಗಲ್ಲದಲ್ಲಿ ಗುಳಿ. ಗುಳಿ ಬೇರೆ ಬೇಕಿತ್ತಾ ಇವಳಿಗೆ!

ಒಂದು ಮಧ್ಯಾಹ್ನ ಶ್ಯಾಮಲಾ ಬರೆದಳು: "ನಿಮ್ಮ ಯಂತ್ರಕ್ಕೆ ಹಸು ಒದೆಯೋದು ಗೊತ್ತಾ? ಒಂದು ದಿನ ಕೊಟ್ಟಿಗೆಗೆ ಬನ್ನಿ ಸ್ವಾಮೀ!"

ಚೈತನ್ಯನ ಉತ್ತರ: "ಖಂಡಿತ ಬರ್ತೀನಿ. ಯಾವಾಗ ಬರ್ಲಿ?"

ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಹಿತಾ ಶ್ಯಾಮಲಾಳ ಪುಟ ತೆರೆದು 'ರಿಪೋರ್ಟ್' ಒತ್ತಿದಳು. ಕಾರಣ ಕೇಳಿತು. 'ಸುಳ್ಳು ವೈದ್ಯಕೀಯ ಮಾಹಿತಿ' ಎಂಬುದರ ಮೇಲೆ ಬೆರಳಿಟ್ಟಳು.

ಅಷ್ಟಕ್ಕೇ ನಿಲ್ಲಲಿಲ್ಲ ನಮ್ಮ ಹುಡುಗಿ. ಹಿತಾಳ ಮನೆತನದ್ದೊಂದು ವಾಟ್ಸಾಪ್ ಗುಂಪು. ಬೇಲೂರು, ಮೈಸೂರು, ಮೇಲುಕೋಟೆ ಎಂದು ಹರಡಿಕೊಂಡ ಅತ್ತೆ-ಮಾವಂದಿರೆಲ್ಲ ಅದರಲ್ಲಿದ್ದರು. ಯಾರದೋ ಮೊಮ್ಮಗಳ ಭರತನಾಟ್ಯಕ್ಕೆ ಲೈಕ್ ಒತ್ತಿ, ಯಾರದೋ ಮಗನ ರಂಗೋಲಿಗೆ ವೋಟ್ ಹಾಕಿ ಎಂದರೆ ಓದದೇ, ಕೇಳದೇ ಎಲ್ಲರೂ ಒತ್ತುವುದು ಅಲ್ಲಿನ ಪದ್ಧತಿ. ಹಿತಾ ಅಲ್ಲಿಗೆ ಲಿಂಕ್ ಹಾಕಿ, "ಇದನ್ನ ಎಲ್ಲರೂ ರಿಪೋರ್ಟ್ ಮಾಡಿ ಪ್ಲೀಸ್" ಎಂದು ಬರೆದಳು.

"ಮಾಡ್ದೆ ಪುಟ್ಟಿ," ಎಂದರು ಗೋದತ್ತೆ. "ಯಾರು ಮಗೂ ಈ ಹುಡುಗಿ? ಲಕ್ಷಣವಾಗಿದ್ದಾಳೆ! ನಾನು, ನಿಮ್ಮ ಮಾವ ಇಬ್ರೂ ಒತ್ತಿದ್ವಿ."

ಎರಡು ದಿನದಲ್ಲಿ ಶ್ಯಾಮಲಾಳ ಪುಟ ಮಾಯವಾಯಿತು.

ಹಿತಾಳಿಗೆ ಮೊದಲು ಹಗುರವಾಯಿತು. ಹೌದು, ಖುಷಿಯೇ ಆಯಿತು, ಮುಚ್ಚಿಡುವುದೇಕೆ? ಆದರೆ ಆ ಖುಷಿ ಸಂಜೆಯವರೆಗೂ ಬಾಳಲಿಲ್ಲ. ಸಂಜೆ ಚೈತನ್ಯ ಕಟ್ಟೆಯಲ್ಲಿ ಬರೆದ:

"ಯಾರು ದೂರು ಕೊಟ್ಟರು, ಯಾಕೆ ಕೊಟ್ಟರು ಅಂತ ಹೇಳದೆ ಒಬ್ಬರ ಬಾಯಿ ಮುಚ್ಚಿಸಿದ್ದಾರೆ. ಇಂಥ ಅಧಿಕಾರ ಸರ್ಕಾರಕ್ಕಿರಲಿ ಅಂತ ಇಷ್ಟು ದಿನ ವಾದ ಮಾಡಿದ್ದು ನಾನೇ. ಬಾಯ್ಬಡುಕಿ ಹೇಳಿದ್ದೇ ಸರಿ. ನಾನು ಸೋತೆ."

ಆಮೇಲೆ ಫೋನ್ ಮಾಡಿ, "ಈ ಸಲ ಮನಸ್ಸಿನಿಂದಲೇ ಒಪ್ತಿದ್ದೀನಿ ಹಿತಾ. ನೀನೇ ಸರಿ ಕಣೇ," ಎಂದ.

ಒಂದು ವರ್ಷದಿಂದ ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು! ಅದನ್ನು ಕೇಳಿದ ಹಿತಾ "ಆಮೇಲೆ ಮಾತಾಡ್ತೀನಿ," ಎಂದು ಫೋನ್ ಇಟ್ಟುಬಿಟ್ಟಳು.

'ಹೇಳಿದ್ರೆ ಅವನು ನನ್ನನ್ನ ಬಿಟ್ಟುಬಿಡ್ತಾನೆ... ಹೇಳದೇ ಇದ್ರೆ ಅವನ ಮುಖ ಹೇಗೆ ನೋಡ್ಲಿ?'

ಮರುವಾರ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಅಂಕಮ್ಮ ಸಾರಿನ ಸೌಟು ಹಿಡಿದೇ ಅಳುತ್ತಿದ್ದಳು.

"ಏನಾಯ್ತು ಅಂಕಮ್ಮ?"

"ಹಸೂಗೆ ಮೈ ತುಂಬ ಗಂಟು ಎದ್ದೈತೆ ಮೇಡಮ್ಮ. ಸೀಮೆಎಣ್ಣೆಗೆ ಸುಣ್ಣ ಕಲಸಿ ಹಚ್ಚಿ ಅಂತ ಮೊಬೈಲ್‌ನಾಗೆ ಬಂದಿತ್ತು, ಹಚ್ಚಿದೆ. ಈಗ ಚರ್ಮಾನೇ ಸುಲಿದು ಬತ್ತಾ ಐತೆ... ಮೇವೂ ಮುಟ್ತಾ ಇಲ್ಲ."

"ಅಯ್ಯೋ, ಯಾರನ್ನಾದ್ರೂ ಕೇಳ್ಬಾರ್ದಿತ್ತಾ?"

"ಅದನ್ನ ಹಚ್ಚಬ್ಯಾಡಿ ಅಂತ ಒಬ್ರು ಡಾಕ್ಟ್ರಮ್ಮ ವಿಡಿಯೋ ಹಾಕವ್ರೆ ಅಂತ ನನ್ ಸೊಸೆ ಅಂದ್ಲು ಕಣವ್ವ. ಹುಡುಕಿದ್ರೆ ಎಲ್ಲೂ ಇಲ್ಲ. ಸುಳ್ಳು ಡಾಕ್ಟ್ರು ಅಂತ ತೆಗೆದಾಕವ್ರಂತೆ. ಅದಕ್ಕೇ ಇದೇ ದಿಟ ಅಂದ್ಕಂಡೆ."

ಹಿತಾ ಗೋಡೆಗೆ ಒರಗಿದಳು. ಸುಳ್ಳು ಉಳಿದಿತ್ತು, ನಿಜ ಹೇಳಿದವಳು ಅಳಿಸಿಹೋಗಿದ್ದಳು. ಅಳಿಸಿದವಳು ತಾನು!

ಅವಳು ಶ್ಯಾಮಲಾಳ ನಂಬರ್ ಹುಡುಕಿ ತೆಗೆದಳು. "ನಮಸ್ಕಾರ ಡಾಕ್ಟ್ರೇ, ಬಸ್ತಿಹಳ್ಳಿಯಲ್ಲಿ ಒಂದು ಹಸು... ದಯವಿಟ್ಟು ಬೇಗ ಬನ್ನಿ."

ಶ್ಯಾಮಲಾ ಸ್ಕೂಟರಿನಲ್ಲಿ ಬಂದಳು. ಯಾರು, ಏನು ಎಂದು ಕೇಳದೆ ನೇರ ಕೊಟ್ಟಿಗೆಗೆ ನುಗ್ಗಿದಳು. ಹಸುವಿನ ಮೈ ತೊಳೆದು, ಮುಲಾಮು ಹಚ್ಚಿ, ಸೂಜಿ ಚುಚ್ಚಿದಳು. ಹಿತಾ ನೀರು ಹೊತ್ತಳು, ಹಗ್ಗ ಹಿಡಿದಳು, ಒಂದು ಒದೆಯನ್ನೂ ತಿಂದಳು.

"ಉಳ್ಕೊಳ್ಳುತ್ತೆ ಬಿಡಮ್ಮ," ಎಂದು ಶ್ಯಾಮಲಾ ಹೇಳಿದಾಗ ಅಂಕಮ್ಮ ಆಕೆಯ ಕಾಲಿಗೇ ಬೀಳಹೋದಳು.

ಕೈ ತೊಳೆಯುತ್ತಿದ್ದ ಶ್ಯಾಮಲಾಳ ಹತ್ತಿರ ಹೋಗಿ ಹಿತಾ ಒಂದೇ ಉಸಿರಿಗೆ ಹೇಳಿದಳು. "ನಿಮ್ಮ ಪುಟ ಮುಚ್ಚಿಸಿದ್ದು ನಾನು. ನಮ್ಮ ಮನೆಯವರ ಕೈಲೂ ದೂರು ಕೊಡಿಸ್ದೆ. ನಿಮ್ಮ ತಪ್ಪು ಏನೂ ಇರ್ಲಿಲ್ಲ. ನಾನು ಚೈತನ್ಯನ್ನ ಮದುವೆ ಆಗೋ ಹುಡುಗಿ. ನಂಗೆ... ಹೊಟ್ಟೆಕಿಚ್ಚು."

ಶ್ಯಾಮಲಾ ನಲ್ಲಿ ನಿಲ್ಲಿಸಿದಳು.

"ಕೆನ್ನೆಗೆ ಹೊಡೀಬೇಕು ಅನ್ನಿಸ್ತಿದೆ ಕಣ್ರೀ," ಎಂದಳು. "ಆದ್ರೆ ನಿಮ್ಮ ಹೊಟ್ಟೆಕಿಚ್ಚು ಪೂರ್ತಿ ಸುಳ್ಳಲ್ಲ. ನಂಗೆ ಅವರು ಇಷ್ಟ ಆಗಿದ್ರು. ಒಂದಿನ ಫೋನ್ ಮಾಡಿ ಮಾತಾಡಿಸ್ದೆ. ಎರಡು ಮಾತಿಗೊಂದು ಸಲ 'ನಮ್ಮ ಹಿತಾ ಹೀಗಂತಾಳೆ, ನಮ್ಮ ಹಿತಾ ಹಾಗಂತಾಳೆ'! ಕೊಟ್ಟಿಗೆಗೂ ನಿಮ್ಮನ್ನ ಕರ್ಕೊಂಡೇ ಬರ್ತೀನಿ ಅಂದ್ರು. ಕೇಳಿ ಕೇಳಿ ನಾನೇ ಸುಮ್ಮನಾದೆ."

ಶ್ಯಾಮಲಾ ಔಷಧಿ ಚೀಲ ಎತ್ತಿಕೊಂಡಳು.

"ನಾನು ಅವರಿಗೆ ಹೇಳಲ್ಲ. ನೀವೇ ಹೇಳಿ. ನನ್ನ ಪುಟಾನೂ ವಾಪಸ್ ತರಿಸಿ."

ಮಾರನೆಯ ದಿನ ಹಿತಾ ಶಾಲೆಗೆ ರಜೆ ಹಾಕಿ ಅರಸೀಕೆರೆಗೆ ಹೋದಳು. ಸ್ಟೇಷನ್ನಿನ ಪ್ಲಾಟ್‌ಫಾರಂ ಕೊನೆಯಲ್ಲಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಚೈತನ್ಯ ಅವಳನ್ನು ಕಂಡು ಓಡಿಬಂದ.

"ಏನೇ, ಹೇಳದೇ ಕೇಳದೇ! ಅಪ್ಪ ಹುಷಾರಾಗಿದ್ದಾರಾ?"

ಅವಳು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಗೋದತ್ತೆ, ಅಂಕಮ್ಮನ ಹಸು, ಮೊದಲ ದಿನದ ಆ ಕೆಟ್ಟ ಖುಷಿ, ಎಲ್ಲ.

ಚೈತನ್ಯನ ಮುಖದಲ್ಲಿ ನಗು ಆರಿತು. ಅವನು ತಿರುಗಿ ಪ್ಲಾಟ್‌ಫಾರಂ ತುದಿಯವರೆಗೆ ನಡೆದುಹೋದ. ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಸಾಗಿಹೋಗುತ್ತಲೇ ಇತ್ತು.

'ಹೋದ... ಹೋಗ್ಲಿ. ನನಗೆ ಆಗಬೇಕಾದ್ದೇ.'

ಅವಳು ಬೆಂಚಿನ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತಲೇ, ಕಟ್ಟೆಯಲ್ಲಿ ತನ್ನ ನಿಜವಾದ ಹೆಸರು, ಊರು ಹಾಕಿ ಮಾಡಿದ್ದೆಲ್ಲವನ್ನೂ ಬರೆದಳು. ಮನೆತನದ ಗುಂಪಿಗೂ ಅದನ್ನೇ ಹಾಕಿ, ಕೊಟ್ಟ ದೂರು ತಪ್ಪೆಂದು ಎಲ್ಲರೂ ತಿಳಿಸಬೇಕೆಂದು ಬೇಡಿಕೊಂಡಳು. ತಲೆ ಎತ್ತಿದಾಗ ಚೈತನ್ಯ ಎದುರಿಗೆ ನಿಂತಿದ್ದ.

"ಇಲ್ಲಿ ನಾನು ಕೆಂಪು ಹಾಕಿದ್ರೆ ಯಾಕೆ ಹಾಕ್ದೆ ಅಂತ ಬರೀಬೇಕು ಹಿತಾ. ಕೆಳಗೆ ಹೆಸರು ಇರ್ಬೇಕು. ನೀನು ಕತ್ತಲಲ್ಲಿ ನಿಂತು ಹಾಕಿದೆಯಲ್ಲ... ಅದೂ ನೀನು! ಮೊದಲು ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ಏನಂತಿದ್ದೆ? 'ನೀನು ಹೇಳಿದ್ದೇ ಸರಿ' ಅಂತಿದ್ದೆ!" ಹಿತಾ ಬಿಕ್ಕಿದಳು. "ನನ್ನ ಜೊತೆ ಮಾತಾಡೋದನ್ನೇ ಬಿಟ್ಟುಬಿಟ್ಟೆ ನೀನು. ನಿನ್ನ ಜಗಳ ಎಲ್ಲ ಅವರಿಗೆ ಕೊಟ್ಟೆ. ನಂಗೆ ಬರೀ ಹೂಂ, ಹೂಂ..."

ಚೈತನ್ಯ ಅವಳ ಪಕ್ಕದಲ್ಲಿ ಕೂತ. ಅವನ ದನಿ ಇಳಿದಿತ್ತು.

"ಅವರ ಜೊತೆ ವಾದ ಮಾಡಿ, ಫೋನ್ ಜೇಬಿಗಿಟ್ಟು, ಹೊಟ್ಟೆ ತುಂಬ ಊಟ ಮಾಡ್ತೀನಿ ಕಣೇ. ನೀನು ಮುಖ ಊದಿಸ್ಕೊಂಡ ದಿನ ನಂಗೆ ಅನ್ನ ಸೇರಲ್ಲ. ಮೊದಲು ಕಳ್ಕೊಳ್ಳೋಕೆ ಏನೂ ಇರ್ಲಿಲ್ಲ, ಜಗಳ ಆಡ್ತಿದ್ದೆ. ನೀನು ಹೂಂ ಅಂದ ಮೇಲೆ... ಭಯ ಆಯ್ತು. ಎಲ್ಲಿ ಬಿಟ್ಟು ಹೋಗಿಬಿಡ್ತೀಯೋ ಅಂತ."

ಅವಳು ಅವನನ್ನೇ ನೋಡಿದಳು. ಇಷ್ಟು ದಿನ ಅವಳು ಅಸಡ್ಡೆ ಎಂದುಕೊಂಡಿದ್ದು ಇದನ್ನಾ!

"ಈಗ ಬಿಟ್ಟು ಹೋಗ್ಬೇಕಾದವನು ನೀನು," ಎಂದಳು. "ದೊಡ್ಡದಾಗಿ ಭಾಷಣ ಬಿಗಿದು, ನಾನೇ ಒಬ್ಬರ ಬಾಯಿ ಮುಚ್ಚಿಸ್ದೆ. ಒಂದು ಮೂಕ ಪ್ರಾಣಿ ನನ್ನಿಂದ ನರಳ್ತು. ನಾನು ಒಳ್ಳೆಯವಳಲ್ಲ ಚೈತನ್ಯ. ನಿನಗೆ ತಕ್ಕವಳಲ್ಲ."

ಚೈತನ್ಯ ಅವಳ ಕೈ ಹಿಡಿದುಕೊಂಡ.

"ಒಪ್ಪಲ್ಲ," ಎಂದ.

"ಏನು?"

"ನೀನು ಮಾಡಿದ್ದು ತಪ್ಪು. ಕೋಪಾನೂ ಇದೆ, ಇನ್ನೂ ನಾಲ್ಕು ದಿನ ಇರುತ್ತೆ. ಆದ್ರೆ ನೀನು ನನಗೆ ತಕ್ಕವಳಲ್ಲ ಅನ್ನೋದನ್ನ ಒಪ್ಪಲ್ಲ. ಎಷ್ಟು ಬೇಕಾದ್ರೂ ವಾದ ಮಾಡು."

ಹಿತಾ ಅಳುತ್ತಲೇ ನಕ್ಕಳು. "ನಾನು ಸುಲಭಕ್ಕೆ ಸೋಲಲ್ಲ, ಗೊತ್ತಲ್ಲ?"

"ಗೊತ್ತು. ಅದಕ್ಕೇ ಜೀವಮಾನ ಪೂರ್ತಿ ಬೇಕು ಅಂತಿರೋದು."