ನಟ್ಟು ಹಿಡಿದವಳು

ಸಂಸಾರ ಸಮೇತ ಸುತ್ತಾಡಲೆಂದು ಕೊಂಡ ಹಳೆಯ ಕ್ಯಾರವಾನ್ ಗಾಡಿಯ ಹೊರಗೋಡೆಗೆ ನಾನೇ ನೆರಳಿನ ಪರದೆ ಕೂರಿಸುತ್ತಿದ್ದ ಮಧ್ಯಾಹ್ನವದು. ಹೊರಗಿನಿಂದ ನಾನು ಬೋಲ್ಟು ತಿರುಗಿಸಬೇಕು. ಒಳಗೆ ನನ್ನ ಹೆಂಡತಿ ನಟ್ಟನ್ನು ಸ್ಪ್ಯಾನರಿನಿಂದ ಅಲುಗದಂತೆ ಹಿಡಿಯಬೇಕು.

“ಹಿಡ್ಕೊಂಡ್ಯೇನೇ?”

“ಹಿಡ್ಕೊಂಡಿದೀನಿ ರೀ. ನಿಮ್ಮ ಹಾಗೆ ನನಗೇನು ಕೈ ನಡುಗಲ್ಲ.”

ಆರು ಬೋಲ್ಟು ಬಿಗಿದೆವು. ಸುಡುವ ಬಿಸಿಲಿನಲ್ಲೂ ಗಾಡಿಯ ತಗಡು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಏಳನೆಯದನ್ನು ಹಿಡಿದಾಗ ಹೆಂಡತಿ ಬೀದಿಯಿಂದ ಬಂದು ನನ್ನ ಬೆನ್ನ ಹಿಂದೆ ನಿಂತಳು, ಕೈಯಲ್ಲಿ ವಾಷರಿನ ಪೊಟ್ಟಣ.

“ಅಂಗಡೀಲಿ ಅರ್ಧ ಗಂಟೆ ನಿಂತು ತಂದಿದೀನಿ. ನೀವೊಬ್ರೇ ಯಾರ ಹತ್ರ ಮಾತಾಡ್ತಿದೀರಿ?”

ಬೋಲ್ಟು ತಿರುಗಿಸಿ ನೋಡಿದೆ. ಒಳಗೆ ಯಾರೋ ಬಿಗಿಯಾಗಿ ಹಿಡಿದೇ ಇದ್ದರು.

ಬೋಲ್ಟಿನಿಂದ ಕೈ ತೆಗೆದೆ. “ನೀನೇ ಹೋಗಿ ನೋಡು” ಎಂದೆ. ನಲವತ್ತು ವರ್ಷ ಜೊತೆಗೆ ಬಾಳಿದವಳನ್ನು ಹಾಗೆ ಒಳಗೆ ಕಳಿಸಿದೆ.

ಬಾಗಿಲು ಮುಚ್ಚಿಕೊಂಡಿತು. ಅವಳದೇ ದನಿಯಲ್ಲಿ ಇಬ್ಬರು ಮಾತಾಡಿದ್ದು ಕೇಳಿಸಿತು, ಆಮೇಲೆ ಒಂದೇ ನಗು. ಹೊರಬಂದವಳು, “ಒಳಗೆ ಯಾರೂ ಇಲ್ಲ, ಕೆಲಸ ಮುಗಿಸಿ” ಎಂದಳು. ನಾನು ಅವಳ ಮುಖ ನೋಡಲಿಲ್ಲ.

ಅದೇ ವಾರ ಗಾಡಿ ಮಾರಿದೆ. ತಿಂಗಳು ಕಳೆದ ಮೇಲೆ ಕೊಂಡವನು ಫೋನ್ ಮಾಡಿದ: “ಗೋಡೆ ಒಳಗಿಂದ ಯಾರೋ ಹೆಂಗಸು ‘ರೀ, ರೀ’ ಅಂತ ಅಳ್ತಾರೆ, ಸಾರ್.”

ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ರಾಂಗ್ ನಂಬರ್” ಎಂದು ಇಟ್ಟು, ಊಟಕ್ಕೆ ಕರೆದಳು.