ಹಲ್ಲಿನ ಗುರುತಿನ ಪೆನ್ಸಿಲ್

ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಬೆಳಗ್ಗೆ ಎದ್ದವಳು ಅಭ್ಯಾಸಬಲದಿಂದ ಎರಡು ಲೋಟ ಟೀ ಸೋಸಿದಳು. ಒಂದನ್ನು ಕುಡಿದಳು. ಇನ್ನೊಂದು ಕೆನೆಗಟ್ಟಿತು.

ಗಂಡನ ಕೋಟಿನ ಜೇಬಿನಲ್ಲಿ ಕೆಂಪು ಪೆನ್ಸಿಲ್ ಸಿಕ್ಕಿತು. ತುದಿಯ ತುಂಬ ಹಲ್ಲಿನ ಗುರುತು!

ಕಾಲೇಜಿನ ಲೈಬ್ರರಿಯಲ್ಲಿ ಅವನು ಮೊದಲು ಎದುರಾದದ್ದೂ ಹೀಗೆಯೇ. ಅವಳ ಪೆನ್ಸಿಲ್ ಇಸಿದುಕೊಂಡು, ಅಗಿದು ಹಿಂದಿರುಗಿಸಿದ್ದ.

"ಮನೇಲಿ ಊಟ ಹಾಕಲ್ವಾ?" ಎಂದು ರೇಗಿದ್ದಳು.

"ನೀವು ಹಾಕ್ತೀನಿ ಅಂದ್ರೆ ಬರ್ತೀನಿ."

ಅಂದಿನಿಂದ ಅವನು 'ಇಲಿರಾಯ'. ಮದುವೆಯ ನಂತರ ಒಮ್ಮೆ ನಾಲ್ಕು ಜನರೆದುರು ಕರೆದಾಗ ಮುಖ ಸಿಂಡರಿಸಿದ್ದ. ಆಮೇಲೆ ಅವಳು ಕರೆಯಲೇ ಇಲ್ಲ...

ಫೋನ್ ಬಂತು. ಅವನ ಜೊತೆ ಮಕ್ಕಳ ಮನೋಚಿಕಿತ್ಸೆ ಮಾಡುತ್ತಿದ್ದ ಡಾಕ್ಟರಮ್ಮ.

"ಅವನ ಕೋಟಿನ ಜೇಬಲ್ಲಿ ಕೆಂಪು ಪೆನ್ಸಿಲ್ ಇರ್ಬೇಕು ನೋಡು. ಅದು ಒಂದು ಮಗುದಮ್ಮ. ಯಾರಾದ್ರೂ ಮುಟ್ಟಿದ್ದನ್ನ ತೊಳೀದೆ ಹಿಡಿಯಲ್ಲ ಅವಳು. ಕೈ ಉಜ್ಜಿ ಉಜ್ಜಿ ಚರ್ಮ ಸುಲಿದಿದೆ. ಅವಳನ್ನ ಒಪ್ಪಿಸೇ ಅವನು ಕಚ್ಚಿದ್ದು. ಹಾಗೇ ಹಿಡಿದು ಬರೀಬೇಕು, ಅದೇ ಚಿಕಿತ್ಸೆ. ಇವತ್ತು ಬರ್ತಾಳೆ, ತಂದ್ಕೊಡು... ತೊಳೀಬೇಡ."

ತೊಳೆಯುವುದೇ? ಅವನ ಹಲ್ಲು ಊರಿದ ಜಾಗವನ್ನು! ಕೊಡುವುದಕ್ಕೇ ಅವಳಿಗೆ ಮನಸ್ಸಿರಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಅವನ ಕುರ್ಚಿ ಖಾಲಿ. ಎದುರಿಗೆ ಹುಡುಗಿ, ಅವಳ ತಾಯಿ.

"ನೀವೇ ಇಟ್ಕೊಳ್ಳಿ ಅಕ್ಕ, ಅವರ ನೆನಪಿಗೆ. ಇವಳಿಗೆ ಹೊಸದು ತಂದಿದ್ದೀನಿ," ಎಂದರು ತಾಯಿ.

ಹೂಂ ಅಂದರೆ ಸಾಕಿತ್ತು... ಹುಡುಗಿಯೂ 'ಸದ್ಯ, ಬದುಕಿದೆ' ಎಂಬಂತೆ ಉಸಿರುಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು:

"ಆಂಟಿ, ನನ್ನ ಪೆನ್ಸಿಲ್ ಕೊಳಕಿಂದ್ಲೇ ಅಂಕಲ್ ಸತ್ತೋದ್ರಾ?"

"ಅಲ್ಲ ಪುಟ್ಟಿ. ಹೃದಯ ನಿಂತೋಯ್ತು. ಒಂದೇ ಸಲ ಹೇಳ್ತೀನಿ, ಮತ್ತೆ ಕೇಳಬಾರದು."

"ಅಂಕಲ್ಲೂ ಹಾಗೇ ಅಂತಿದ್ರು! ಮತ್ತೆ ಮತ್ತೆ ಕೇಳಿದ್ರೆ ಭಯ ಜಾಸ್ತಿ ಆಗುತ್ತಂತೆ."

ಅವಳು ಪೆನ್ಸಿಲ್ ಚಾಚಿದಳು. ಪುಟ್ಟ ಕೈ ಮುಂದೆ ಬಂದು ಹಿಂದೆ ಸರಿಯಿತು.

"ಭಯ ಆಗುತ್ತೆ."

"ನಂಗೂ... ಇದನ್ನ ಕೊಟ್ರೆ ಅವರು ಪೂರ್ತಿ ಹೋಗ್ಬಿಡ್ತಾರೆ ಅಂತ."

"ಹಾಗಾದ್ರೆ ಇಬ್ಬರೂ ಭಯದ ಜೊತೇನೇ ಕೂತ್ಕೋಬೇಕು ಆಂಟಿ. ಭಯ ತಾನಾಗೇ ಇಳಿಯುತ್ತಂತೆ."

ಕೂತರು. ಬಹಳ ಹೊತ್ತಾದ ಮೇಲೆ ಹುಡುಗಿ ತಾನಾಗಿಯೇ ಪೆನ್ಸಿಲ್ ಹಿಡಿದಳು. ಕಾಗದದ ಮೇಲೆ ಒಂದು ಇಲಿ ಮೂಡಿತು.

"ಯಾರಿದು?"

"ಅಂಕಲ್. ನೀವಿಟ್ಟ ಹೆಸರಂತೆ. ಈಗ ಯಾಕೋ ಕರೆಯೋದೇ ಇಲ್ಲ ಅಂತ ಬೇಜಾರಲ್ಲಿದ್ರು."

"ಇಲಿರಾಯ..." ಎಂದಳು, ಖಾಲಿ ಕುರ್ಚಿಯತ್ತ ತಿರುಗಿ. ಇಷ್ಟು ದಿನ ಬಾರದಿದ್ದ ಅಳು ಉಕ್ಕಿ ಬಂತು.

ಹುಡುಗಿ ಪೆನ್ಸಿಲನ್ನು ಒರೆಸದೆ ತನ್ನ ಡಬ್ಬಿಯೊಳಗಿಟ್ಟಳು.

"ಚೂಪು ಮಾಡೋವಾಗ... ಆ ತುದಿ ಬಿಟ್ಬಿಡು ಪುಟ್ಟಿ."

"ಗೊತ್ತು ಆಂಟಿ."