ಬರಬೇಡಿ ಅಂದವಳು

"ಅಲ್ಲೇ ನಿಂತ್ಕೊಳ್ರೀ. ಇದು ಹೆಂಗಸರ ಕೊಳ."

ಭಾನುಪ್ರಿಯಾ ಬಾಗಿಲಿಗೆ ಅಡ್ಡ ನಿಂತಳು. ಎದುರಿಗೆ, ತಾಯಿಯನ್ನು ಬೆನ್ನ ಮೇಲೆ ಹೊತ್ತು ಬಂದ ಯುವಕ. ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ.

"ಹಂಗಾದ್ರೆ ನಮ್ಮಮ್ಮನ್ನ ಗಂಡಸರ ಕೊಳಕ್ಕೆ ಕರ್ಕೊಂಡು ಹೋಗ್ಲಾ?"

ಬೆನ್ನ ಮೇಲಿದ್ದ ಭಾಗ್ಯಮ್ಮನೇ ನಕ್ಕುಬಿಟ್ಟರು. "ಇಳ್ಸೋ ಮುನಿಕೃಷ್ಣ. ಆ ಮಗು ಕೈ ಕೊಡ್ತಾಳೆ."

ಆ ತಾಯಿಯ ಭಾರ ತನ್ನ ತೋಳಿಗೆ ಬರುವಾಗ ಭಾನು ಅವನ ಕಣ್ಣು ನೋಡಿದಳು. ಇಷ್ಟು ದಣಿದ ಕಣ್ಣಲ್ಲೂ ನಗು ಇರುತ್ತಾ...

ದೊಡ್ಡಬಳ್ಳಾಪುರದಾಚೆ, ಅರ್ಕಾವತಿ ದಡದ ಪುಟ್ಟ ಊರು ಬಿಸಿನೀರುಗುಂಟೆ. ಒಂದಿಷ್ಟು ಲಾಡ್ಜುಗಳು, ಹೋಟೆಲುಗಳು, ನೆಲದೊಳಗಿಂದ ಉಕ್ಕುವ ಬಿಸಿನೀರು. ಅದು ಗಂಗಮ್ಮನ ಉಸಿರು ಅಂತ ಊರವರ ನಂಬಿಕೆ. ನೋವಿದ್ದವರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಭಾನುವಿನ ಕೆಲಸ.

ಭಾಗ್ಯಮ್ಮನ ಮಂಡಿನೋವಿಗೆಂದು ತಾಯಿ ಮಗ ಹೊಸಕೋಟೆ ಕಡೆಯ ಸಮೇತನಹಳ್ಳಿಯಿಂದ ವಾರವಾರ ಬಂದರು. ತಾಯಿ ಒಳಗಿದ್ದಷ್ಟು ಹೊತ್ತೂ ಮಗ ಬಾಗಿಲೆದುರಿನ ಕಟ್ಟೆ ಮೇಲೆ ಕೂತಿರುತ್ತಿದ್ದ.

"ನೀವೂ ಆ ಕಡೆ ಕೊಳದಲ್ಲಿ ಮುಳುಗಿ ಬರಬಾರ್ದಾ?"

"ಅಲ್ಲಿಂದ ಈ ಬಾಗ್ಲು ಕಾಣ್ಸಲ್ಲ."

ಆ ದಿನವೆಲ್ಲ ಭಾನುವಿಗೆ ಎಣ್ಣೆ ಯಾವುದು, ಸೀಗೆಪುಡಿ ಯಾವುದು ತಿಳಿಯಲಿಲ್ಲ.

ಶಿವರಾತ್ರಿ ಕಳೆಯುವಷ್ಟರಲ್ಲಿ ಭಾಗ್ಯಮ್ಮ ತಾವೇ ಮೆಟ್ಟಿಲಿಳಿದರು. ಭಾನು ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಗಂಗಮ್ಮ ತಾಯೀ, ವಾಸಿಯಾಯ್ತು ಅಂತ ನಗಲಾ... ಇನ್ನು ಇವರು ಬರಲ್ಲ ಅಂತ ಅಳಲಾ?

ಹೊರಡುವಾಗ ಮುನಿಕೃಷ್ಣ ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಊರ ಪದ್ಧತಿಯಂತೆ ಕೈಮುಗಿದಿದ್ದಳು.

"ಹೋಗಿ. ಇನ್ನು ಬರಬೇಡಿ."

ವಾಸಿಯಾದವರಿಗೆ ಆ ಊರಲ್ಲಿ ಯಾರೂ 'ಹೋಗಿ ಬನ್ನಿ' ಅನ್ನುವುದಿಲ್ಲ. ಹಾಗಂದರೆ ನೋವನ್ನೂ ಮತ್ತೆ ಕರೆದಂತೆ. ಅಲ್ಲಿ 'ಬರಬೇಡಿ' ಅನ್ನುವುದೇ ಹಾರೈಕೆ. ಹೊರಗಿನವನಿಗೆ ಅದೇನು ಗೊತ್ತು? ಅವನ ಮುಖ ಬಾಡಿತು. ಹೋದವನು ತಿರುಗಿ ಬರಲಿಲ್ಲ.

ಯುಗಾದಿ ಹತ್ತಿರವಾದಾಗ ಭಾಗ್ಯಮ್ಮ ಫೋನ್ ಮಾಡಿದರು.

"ಮಂಡಿ ಚೆನ್ನಾಗೈತೆ ಕಣಮ್ಮ. ಮಗನೇ ಚೆನ್ನಾಗಿಲ್ಲ. ನಿನ್ನ ಕೇಳೋಕೆ ಮುಂಚೆನೇ ಬರಬೇಡಿ ಅಂದ್ಬಿಟ್ಯಂತೆ? ಬೇಜಾರಲ್ಲಿ ದಾಬಸ್‌ಪೇಟೆ ಹೆಣ್ಣು ನೋಡೋಕೆ ಒಪ್ಕೊಂಡವ್ನೆ. ನಿನ್ನ ಮನಸ್ಸಲ್ಲಿ ನಿಜವಾಗ್ಲೂ ಏನೂ ಇಲ್ವಾ?"

"ಅವರಿಗೆ ಏನೂ ಹೇಳ್ಬೇಡಿ ಅಮ್ಮ. ನಾನೇ ಬರ್ತೀನಿ."

ಮಾರನೆಯ ಬೆಳಗ್ಗೆಯೇ ಹೊರಟು, ಹೊಸಕೋಟೆಯಲ್ಲಿ ಬಸ್ಸು ಬದಲಿಸಿ ಸಮೇತನಹಳ್ಳಿಯಲ್ಲಿ ಇಳಿದಳು. ಅವನು ಹುರುಳಿಕಾಯಿ ತೋಟದಲ್ಲಿ ನೀರು ತಿರುಗಿಸುತ್ತಿದ್ದ.

"ಬರಬೇಡಿ ಅಂದೋರು, ನೀವೇ ಬಂದ್ಬಿಟ್ರಾ?"

"ಅದು ನಿಮ್ಮಮ್ಮನ ಮಂಡಿನೋವಿಗೆ ಹೇಳಿದ್ದು ಕಣ್ರೀ. ವಾಸಿಯಾದೋರಿಗೆ ನಮ್ಮೂರಲ್ಲಿ ಹಂಗೇ ಹೇಳೋದು. ನಿಮ್ಗೆ ನೋವೂ ಇರ್ಲಿಲ್ಲ, ಮೈಗೆ ಆ ನೀರೂ ಸೋಕಿರ್ಲಿಲ್ಲ... ನಿಮ್ಮನ್ನ ಬನ್ನಿ ಅಂತ ಕರೀಬಹುದಿತ್ತು. ಬಾಯೇ ಬರ್ಲಿಲ್ಲ."

ಅವನು ಕಾಲುವೆ ನೀರಲ್ಲಿ ಕೈಯ ಕೆಸರು ತೊಳೆದುಕೊಂಡ.

"ಈಗ ಕರೀರಿ."

"ಬನ್ನಿ."

"ದಾಬಸ್‌ಪೇಟೆಯೋರೂ ಹಂಗೇ ಕರ್ದವ್ರೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ತಲೆ ತಗ್ಗಿಸಿ, ಮೆಲ್ಲಗೆ ಅಂದಳು.

"ಬಾರೋ..."

"ಬಂದೆ ಕಣೇ."